ಒಂದೇ ನಂಬರಿನ ಎರಡು ಡಿಸ್ಕು

ಸರ್ವರಿನ ಒಳಗಿಂದ ಟಕ್ ಟಕ್ ಎಂದು ಶಬ್ದ ಬರುತ್ತಿದೆ ಎಂದು ಮೊದಲು ಹೇಳಿದವರು ನಮ್ಮ ಬಾಯಮ್ಮ. ನಾನು ಆಗ ಮದ್ದಿನ ಫ್ರಿಜ್ಜಿನಡಿಯ ನೀರು ಒರೆಸುತ್ತಿದ್ದೆ. ಕಂಕನಾಡಿಯ ನಮ್ಮ ಲ್ಯಾಬಿನ ಒಳಕೋಣೆಯಲ್ಲಿ ಫ್ರಿಜ್ಜು, ಸರ್ವರು ಅಕ್ಕಪಕ್ಕ. ಎರಡಕ್ಕೂ ತಂಪು ಬೇಕು, ಎಸಿ ಇರುವುದು ಒಂದೇ.

"ಅಮ್ಮಾ, ಇದರೊಳಗೆ ಹಲ್ಲಿ ಉಂಟಾ ಎಂತ?" ಎಂದರು ಬಾಯಮ್ಮ.

ಕಿವಿ ಇಟ್ಟು ಕೇಳಿದೆ. "ಹಲ್ಲಿಯಾದ್ರೆ ಯಾರಾದ್ರೂ ಸತ್ಯ ಹೇಳಿದಾಗ ಮಾತ್ರ ಲೊಚಗುಟ್ತದೆ. ಇದು ಸುಮ್ಮನೆ ಬಡ್ಕೊಳ್ತಾ ಉಂಟು. ಬೇರೆ ಎಂತದೋ," ಎಂದೆ.

ಬಾಯಮ್ಮ ನಮ್ಮಲ್ಲಿ ಕಲ್ಚರ್ ನೋಡುವವರು. ಜ್ವರ ಬಿಡದವರ ರಕ್ತ, ಕೀವು, ಮೂತ್ರ ಇವನ್ನು ಪ್ಲೇಟಿಗೆ ಸವರಿ, ಯಾವ ಕ್ರಿಮಿ ಬೆಳೆಯುತ್ತದೆ, ಅದನ್ನು ಯಾವ ಮದ್ದು ಕೊಲ್ಲುತ್ತದೆ ಎಂದು ನೋಡುವ ಕೆಲಸ. ಲ್ಯಾಬಿನ ಯಜಮಾನಿಕೆ ನನ್ನದು. ನನಗೆ ಓದು ಹೆಚ್ಚಿಲ್ಲ, ರಿಪೋರ್ಟಿಗೆ ಸೈನು ಹಾಕುವುದು ಡಾಕ್ಟರು. ಯಾವ ಬಾಟಲಿ ಎಲ್ಲಿಡಬೇಕು, ಯಾವುದನ್ನು ಯಾವಾಗ ಬಿಸಾಡಬೇಕು, ಯಾರು ಏನು ಮುಟ್ಟಬಾರದು ಎಂಬುದೆಲ್ಲ ನಾನು ಹೇಳಿದ ಹಾಗೆ.

ಸರ್ವರಿನವರನ್ನು ಕದ್ರಿಯಿಂದ ಕರೆಸಿದೆ. ಆ ಡಬ್ಬಿಯನ್ನು ಮೊದಲಿನಿಂದ ನೋಡಿಕೊಳ್ಳುತ್ತಿದ್ದವರು ಅವರೇ. ಕುರ್ಚಿ ಕೊಟ್ಟರೂ ಕುಳಿತುಕೊಳ್ಳುವುದಿಲ್ಲ, ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಳ್ಳುವ ಮನುಷ್ಯ. ಸ್ವಲ್ಪ ಹೊತ್ತು ಏನೇನೋ ಒತ್ತಿ ನೋಡಿ, "ಡಿಸ್ಕ್ ಹೋಗುವ ದಾರಿಯಲ್ಲಿ ಉಂಟು ಅಮ್ಮ," ಎಂದರು.

"ಇನ್ನು ಎಷ್ಟು ದಿನ ಇರ್ತದೆ?"

"ಪೇಶೆಂಟ್ ಎಷ್ಟು ದಿನ ಇರ್ತಾರೆ ಅಂತ ನಿಮ್ಮ ಡಾಕ್ಟ್ರು ಹೇಳ್ತಾರಾ? ಹಾಗೇ ನಾನೂ ಹೇಳುದಿಲ್ಲ."

ಆ ಡಬ್ಬಿ ನಿಂತರೆ ನಾವು ರಕ್ತ ತೆಗೆಯಬಹುದು, ಪರೀಕ್ಷೆಯನ್ನೂ ಮಾಡಬಹುದು. ಯಾರ ರಕ್ತದಲ್ಲಿ ಏನಿದೆ ಎಂದು ಹೇಳಲು ಮಾತ್ರ ಆಗುವುದಿಲ್ಲ. ಹೊಸ ಡಿಸ್ಕು ತನ್ನಿ ಎಂದೆ. ಡಿಸ್ಕು ತರುವುದು ಸುಲಭ, ಸಾಗಿಸುವುದು ಕಷ್ಟ ಎಂದರು. ಅದುವರೆಗೆ ಅದನ್ನು ಒಂದು ಕಂಪ್ಯೂಟರ್ ಎಂದು ನಾನು ತಿಳಿದಿದ್ದೆ. ಒಳಗೆ ಮೂರು ಕಂಪ್ಯೂಟರ್ ಇವೆಯಂತೆ.

"ಮೂರು ಉಂಟಾದ್ರೆ ಬಾಕಿ ಎರಡು ಎಲ್ಲಿ ಅಡಗಿ ಕೂತಿದ್ದಾವೆ?" ಎಂದು ಕೇಳಿದೆ.

"ಕಣ್ಣಿಗೆ ಕಾಣುವಂಥದ್ದಲ್ಲ ಅಮ್ಮ. ಒಂದು ಮನೆ, ಮೂರು ಬಾಡಿಗೆಯವರು ಅಂತ ಇಟ್ಕೊಳ್ಳಿ. ಒಬ್ಬ ರಿಪೋರ್ಟ್ ಇಡುವವ, ಒಬ್ಬ ನಿಮ್ಮ ಮೆಷಿನ್‌ಗಳ ಹತ್ರ ಮಾತಾಡುವವ, ಒಬ್ಬ ಬಿಲ್ಲಿನವ. ಒಬ್ಬನ ಮನೆ ಇನ್ನೊಬ್ಬನಿಗೆ ಕಾಣುದಿಲ್ಲ. ತಾನೇ ಇಡೀ ಕಂಪ್ಯೂಟರ್ ಅಂತ ಪ್ರತಿಯೊಬ್ಬನೂ ತಿಳ್ಕೊಂಡಿರ್ತಾನೆ."

"ಮತ್ತೆ ಮನೆ ಯಜಮಾನ?"

"ಅದು ರೂಟ್. ಗೋಡೆ, ಮಾಡು, ಬೀಗದ ಕೈ ಎಲ್ಲ ಅವನದ್ದು. ಅವನನ್ನೂ ಬಾಡಿಗೆಯವರನ್ನೂ ಒಟ್ಟಿಗೆ ಸಾಗಿಸಬೇಕು. ಒಬ್ಬ ಹಿಂದೆ ಉಳಿದ್ರೂ ಮನೆ ನಡೆಯುದಿಲ್ಲ."

ಭಾನುವಾರ ಮಧ್ಯಾಹ್ನಕ್ಕೆ ನಮ್ಮ ಲ್ಯಾಬು ಮುಚ್ಚುತ್ತದೆ. ಆವತ್ತು ಮಾಡುವುದೆಂದು ನಿಶ್ಚಯವಾಯಿತು. ಬಾಯಮ್ಮ ಇಗರ್ಜಿಯಲ್ಲಿ ಪೂಜೆ ಮುಗಿಸಿ ನೇರ ಬಂದರು. ಅವರಿಗೆ ಪ್ಲೇಟು ನೋಡುವುದಕ್ಕೆ ಭಾನುವಾರ, ಹಬ್ಬ ಎಂದಿಲ್ಲ. ಕ್ರಿಮಿ ರಜೆ ಮಾಡುವುದಿಲ್ಲವಲ್ಲ.

ಸರ್ವರಿನವರು ಮೊದಲು ಬಾಡಿಗೆಯವರನ್ನು ಒಬ್ಬೊಬ್ಬರಾಗಿ ಮಲಗಿಸಿದರು. ಬಿಲ್ಲಿನವನು, ಮೆಷಿನಿನವನು, ಕೊನೆಗೆ ರಿಪೋರ್ಟಿನವನು. ಮತ್ತೆ ಹೊಸ ಡಿಸ್ಕು ಸಿಕ್ಕಿಸಿ ಎಲ್ಲವನ್ನೂ ಫೈಲು ಫೈಲಾಗಿ ಆಚೆ ದಾಟಿಸಿದರು. ಪರದೆಯ ಮೇಲೆ ಅಕ್ಷರಗಳು ನೀರಿನ ಹಾಗೆ ಓಡುತ್ತಿದ್ದವು. ಮುಗಿದ ಮೇಲೆ ಹೊಸ ಡಿಸ್ಕಿನಿಂದ ಎಬ್ಬಿಸಿದರು. ಯಜಮಾನ ಎದ್ದ. ಬಿಲ್ಲಿನವನೂ ಮೆಷಿನಿನವನೂ ಎದ್ದರು. ರಿಪೋರ್ಟಿನವನು ಏಳಲಿಲ್ಲ. ಎಬ್ಬಿಸಿದಷ್ಟು ಸಲ ಎದ್ದು ಬಿದ್ದ.

ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತಲೇ ಇಲ್ಲ. ನಾನು ಚಹಾ ಇಟ್ಟೆ, ತಣ್ಣಗಾಯಿತು. ಕೊನೆಗೆ ಹಣೆಗೆ ಹೊಡೆದುಕೊಂಡರು.

"ಪ್ರತಿ ಫೈಲಿಗೂ ಅದರ ಧಣಿ ಯಾರು ಅಂತ ಒಂದು ನಂಬರ್ ಇರ್ತದೆ. ಬಾಡಿಗೆಯವರ ಒಳಗೆ ಆ ನಂಬರಿನ ಲೆಕ್ಕವೇ ಬೇರೆ. ಸಾಗಿಸುವಾಗ ನಂಬರನ್ನು ಇದ್ದ ಹಾಗೇ ಇಡು ಅಂತ ಹೇಳ್ಬೇಕಿತ್ತು, ನಾನು ಹೇಳ್ಲಿಲ್ಲ. ಅದು ಹೆಸರು ನೋಡಿ ಬದಲಿಸಿ ಬಿಟ್ಟಿದೆ. ಈಗ ಸಾಮಾನೆಲ್ಲ ಉಂಟು, ಬೀಗದ ಕೈ ಇನ್ಯಾರದೋ ಕೈಲಿ."

"ಇನ್ನೊಮ್ಮೆ ಮಾಡಿದ್ರೆ?"

"ಮಾಡ್ಬಹುದು. ಹಳೇ ಡಿಸ್ಕ್ ಇನ್ನೊಮ್ಮೆ ಪೂರ್ತಿ ಓದಿಸಿಕೊಳ್ತದಾ ಅಂತ ಹೆದರಿಕೆ."

ನನಗೆ ತಾಳ್ಮೆ ಕಡಿಮೆ. ಬೆಳಗಾದರೆ ಸೋಮವಾರ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಬಾಗಿಲು ತೆರೆಯುವ ಮೊದಲೇ ಸಾಲು ನಿಲ್ಲುತ್ತಾರೆ. "ಒಂದೊಂದೇ ಎತ್ತಿ ಇಡುದು ಯಾಕೆ ಮಾರಾಯ್ರೆ? ಟ್ಯೂಬಿನ ಸ್ಟ್ಯಾಂಡ್ ಸಾಗಿಸುವಾಗ ಒಂದೊಂದು ಟ್ಯೂಬ್ ಕೈಯಲ್ಲಿ ಹಿಡ್ಕೊಂಡು ಹೋಗ್ತೇವಾ? ಸ್ಟ್ಯಾಂಡೇ ಎತ್ತಿಕೊಂಡು ಹೋಗುದು," ಎಂದೆ.

ಅವರು ನನ್ನನ್ನು ನೋಡಿದರು. "ಹಾಗೂ ಆಗ್ತದೆ. ಫೈಲು ಗೀಲು ನೋಡದೆ ಇಡೀ ಡಿಸ್ಕನ್ನೇ ಅಚ್ಚೊತ್ತಿದ ಹಾಗೆ ನಕಲು ಮಾಡುದು. ಧಣಿ ನಂಬರೂ ಬದಲಾಗುದಿಲ್ಲ."

ಹಾಗೇ ಮಾಡಿದರು. ಡಬ್ಬಿಯನ್ನು ಪೂರ್ತಿ ಆರಿಸಿ, ಒಂದು ಪೆನ್‌ಡ್ರೈವಿನಿಂದ ಎಬ್ಬಿಸಿ, ಹಳೆಯದನ್ನು ಹೊಸದರ ಮೇಲೆ ಅಚ್ಚೊತ್ತಲು ಬಿಟ್ಟರು. ಹಳೆಯದು ನಡುನಡುವೆ ಟಕ್ ಟಕ್ ಎನ್ನುವಾಗ ಮೂವರೂ ಉಸಿರು ಹಿಡಿದು ನಿಲ್ಲುತ್ತಿದ್ದೆವು. ಬಾಯಮ್ಮ ಎಂತದೋ ಪ್ರಾರ್ಥನೆ ಹೇಳಿಕೊಂಡರು. ಸಂಜೆಗೆ ಮುಗಿಯಿತು. ಎಬ್ಬಿಸುವಾಗ ಹೊಸ ಡಿಸ್ಕನ್ನು ಮೊದಲು ನೋಡು ಎಂದು ಡಬ್ಬಿಗೆ ಹೇಳಿಕೊಟ್ಟರು. ಯಜಮಾನ ಎದ್ದ, ಮೂವರು ಬಾಡಿಗೆಯವರೂ ಎದ್ದರು. ಬಾಯಮ್ಮ ಒಂದು ಸುಳ್ಳು ಪೇಶೆಂಟಿನ ಹೆಸರು ಬರೆದು ನೋಡಿ ಅಳಿಸಿದರು. ಎಲ್ಲ ಸರಿ.

"ಹಳೆಯದು ಒಳಗೇ ಇರ್ಲಿ. ಎಂತಾದ್ರೂ ಆದ್ರೆ ಹಿಂದೆ ಹೋಗ್ಲಿಕ್ಕೆ ದಾರಿ ಬೇಕು," ಎಂದರು ಸರ್ವರಿನವರು. ದಿನಾ ಬೇರೊಂದು ಡಬ್ಬಿಗೆ ಹೋಗುತ್ತಿದ್ದ ನಕಲನ್ನು, ಸಾಗಾಟ ಪೂರ್ತಿ ಮುಗಿಯುವವರೆಗೆ ಬೇಡ, ಗೊಂದಲವಾಗುತ್ತದೆ ಎಂದು ಅವರೇ ನಿಲ್ಲಿಸಿದರು.

ಸೋಮವಾರ, ಮಂಗಳವಾರ, ಬುಧವಾರ ಕೆಲಸ ನಡೆಯಿತು. ಟಕ್ ಟಕ್ ನಿಲ್ಲಲಿಲ್ಲ. ಫೋನು ಮಾಡಿ ಕೇಳಿದೆ. "ಹಳೆಯದಕ್ಕೆ ಕರೆಂಟು ಉಂಟಲ್ಲ, ಸುಮ್ಮನೆ ತಿರುಗ್ತದೆ. ಅದಕ್ಕೆ ಈಗ ಕೆಲಸ ಇಲ್ಲ," ಎಂದರು.

ಕೆಲಸ ಇಲ್ಲದ್ದು ನನ್ನ ಲ್ಯಾಬಿನಲ್ಲಿ ಇರಬಾರದು. ನಮ್ಮಲ್ಲಿ ಒಂದು ಕಟ್ಟಳೆ ಉಂಟು. ಒಂದೇ ಹೆಸರಿನ ಎರಡು ಟ್ಯೂಬು ಮೇಜಿನ ಮೇಲೆ ಇರಕೂಡದು. ರಕ್ತವನ್ನು ಒಂದರಿಂದ ಇನ್ನೊಂದಕ್ಕೆ ಹೊಯ್ದರೆ, ಹೊಯ್ದ ಕೂಡಲೇ ಹಳೆಯದು ಕೆಂಪು ಡಬ್ಬಿಗೆ ಹೋಗಬೇಕು. ಎರಡೂ ಇದ್ದರೆ ಯಾವತ್ತಾದರೂ ಒಬ್ಬರು ತಪ್ಪು ಟ್ಯೂಬು ಎತ್ತಿಯೇ ಎತ್ತುತ್ತಾರೆ. ಹೊಸಬರು ಸೇರಿದರೆ ಬೇರೇನೂ ಹೇಳುವ ಮೊದಲು ನಾನು ಇದನ್ನು ಹೇಳುತ್ತೇನೆ. ಇನ್ನೊಂದು, ಪೇಶೆಂಟಿನ ಹೆಸರಿರುವ ಯಾವ ವಸ್ತುವೂ ಇಡಿಯಾಗಿ ಹೊರಗೆ ಹೋಗಕೂಡದು. ಓದಿದ ಪ್ಲೇಟು ಅದೇ ದಿನ ಮಧ್ಯಾಹ್ನದ ಒಳಗೆ ದೊಡ್ಡ ಪ್ರೆಷರ್ ಕುಕ್ಕರಿನಂಥ ಯಂತ್ರದಲ್ಲಿ ಬೆಂದು ಹೋಗಬೇಕು.

ಗುರುವಾರ ಬೆಳಿಗ್ಗೆ ಸರ್ವರಿನವರಿಗೆ ಬರಹೇಳಿದೆ.

"ಇನ್ನೊಂದು ವಾರ ಇರ್ಲಿ ಅಮ್ಮ. ಅರ್ಜೆಂಟು ಎಂತ ಉಂಟು?"

"ನೀವೇ ಹೇಳಿದ್ದಲ್ವಾ ಅಚ್ಚೊತ್ತಿದ ಹಾಗೆ ಅಂತ? ಅದರಲ್ಲಿದ್ದದ್ದೇ ಇದರಲ್ಲಿ. ಹಾಗಾದ್ರೆ ಒಂದೇ ಹೆಸರಿನ ಎರಡು ಟ್ಯೂಬು. ತೆಗೀರಿ."

"ಡಿಸ್ಕು ಟ್ಯೂಬ್ ಅಲ್ಲಮ್ಮ."

"ನಮ್ಮ ಪೇಶೆಂಟಿನವರ ಹೆಸರು ಅದರಲ್ಲಿ ಉಂಟಾ ಇಲ್ವಾ? ಉಂಟಲ್ಲ. ಮತ್ತೆ ಟ್ಯೂಬೇ. ತೆಗೀರಿ ಮಾರಾಯ್ರೆ, ನನಗೆ ಆ ಬಡಿತ ಕೇಳಿ ಕೇಳಿ ಸಾಕಾಗಿದೆ."

ಮಧ್ಯಾಹ್ನ ಜನ ಕಡಿಮೆಯಾದ ಹೊತ್ತಿಗೆ ಅವರು ಎಲ್ಲವನ್ನೂ ಕ್ರಮವಾಗಿ ಆರಿಸಿ ಹಳೆಯ ಡಿಸ್ಕನ್ನು ಹೊರಗೆಳೆದರು. ಅಂಗೈಯಷ್ಟೇ ಇತ್ತು. ಡಬ್ಬಿಯನ್ನು ಮತ್ತೆ ಹಾಕಿದರು. ಎದ್ದಿತು. ಮೂವರು ಬಾಡಿಗೆಯವರೂ ಎದ್ದರು. ಟಕ್ ಟಕ್ ಇಲ್ಲ. ಒಳಕೋಣೆಯಲ್ಲಿ ಎಸಿಯ ಶಬ್ದ ಬಿಟ್ಟು ಬೇರೇನೂ ಇಲ್ಲ. ನನಗೆ ಖುಷಿಯಾಯಿತು. ಕೈಯಲ್ಲಿದ್ದದ್ದನ್ನು ನಮ್ಮ ಪ್ರೆಷರ್ ಯಂತ್ರ ನೋಡಿಕೊಳ್ಳುವ ಅಣ್ಣನಿಗೆ ಕೊಟ್ಟೆ. ಆತ ಹಿಂದಿನ ಅಂಗಳದ ಒಗೆಯುವ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದ. ಒಳಗಿನದು ಗಾಜಿನ ಹಾಗೆ ಪುಡಿಯಾಯಿತು. "ಕನ್ನಡಿ ಒಡೆದ ಹಾಗೆ ಆಯ್ತಲ್ಲ ಅಕ್ಕ, ಏಳು ವರ್ಷ ಅಪಶಕುನ," ಎಂದು ನಗಾಡಿದ. ಪುಡಿಯನ್ನು ಗುಡಿಸಿ ಕೆಂಪು ಡಬ್ಬಿಗೆ ಹಾಕಿದ್ದು ನಾನೇ.

ಕೈ ತೊಳೆದು ಒಳಗೆ ಬಂದೆ. ಬಾಯಮ್ಮ ಕಂಪ್ಯೂಟರಿನ ಎದುರು ನಿಂತಿದ್ದರು. ಕುಳಿತಿರಲಿಲ್ಲ.

"ಅಮ್ಮ, ನನ್ನ ಬಾಣಂತಿ ಇಲ್ಲ."

"ಎಲ್ಲಿಗೆ ಹೋದ್ಳು?"

"ಇದರಲ್ಲಿ ಇಲ್ಲ. ಬೆಳಿಗ್ಗೆ ನಾನೇ ಬರೆದದ್ದು. ಹೆಸರೇ ಇಲ್ಲ. ನಿನ್ನೆಯವರೂ ಇಲ್ಲ. ಮೊನ್ನೆಯವರೂ..." ಗುಂಡಿ ಒತ್ತುತ್ತಾ ಹೋದರು. "ಜೆಜು, ದೇವಾ! ಭಾನುವಾರದಿಂದ ಈಚೆ ಯಾರೂ ಇಲ್ಲಮ್ಮ."

ಸರ್ವರಿನವರು ಚಹಾದ ಲೋಟ ನೆಲಕ್ಕಿಟ್ಟರು. ಲ್ಯಾಪ್‌ಟಾಪ್ ನೋಡಿದರು. ಆ ಮುಖದಿಂದ ರಕ್ತ ಇಳಿದು ಹೋಗುವುದನ್ನು ನಾನು ಕಣ್ಣಾರೆ ನೋಡಿದೆ. ರಕ್ತ ಕೊಡುವಾಗ ತಲೆತಿರುಗಿ ಬೀಳುವವರನ್ನು ದಿನಾ ನೋಡುವವಳು ನಾನು. ಹಿಡಿಯಲು ಕೈ ಚಾಚಿದೆ.

"ಇದು ಭಾನುವಾರದ್ದು," ಎಂದರು.

"ಎಂತ ಭಾನುವಾರದ್ದು?"

"ಈ ಡಿಸ್ಕು. ಭಾನುವಾರ ಅಚ್ಚೊತ್ತಿದ ಮೇಲೆ ಇದಕ್ಕೆ ಯಾರೂ ಒಂದಕ್ಷರ ಬರೀಲಿಲ್ಲ. ನಾವು ಇಷ್ಟು ದಿನವೂ ಬರೆದದ್ದು ಹಳೆಯದಕ್ಕೆ." ಮತ್ತೆ ಕೇಳಿದರು, "ಹಳೆಯದು ಎಲ್ಲುಂಟು?"

ನಾನು ಹಿಂದಿನ ಬಾಗಿಲಿನ ಕಡೆ ನೋಡಿದೆ. ಅವರೂ ನೋಡಿದರು. ಸುತ್ತಿಗೆಯ ಶಬ್ದ ಅವರ ಕಿವಿಗೂ ಬಿದ್ದಿತ್ತು, ಅದು ಏನೆಂದು ಆಗ ಅವರಿಗೆ ಹೊಳೆದಿರಲಿಲ್ಲ. ಎದ್ದು ಅಂಗಳಕ್ಕೆ ಹೋಗಿ ಕೆಂಪು ಡಬ್ಬಿಯ ಮುಚ್ಚಳ ತೆಗೆದು ನೋಡಿ ಬಂದು ಮತ್ತೆ ನೆಲದಲ್ಲಿ ಕುಳಿತರು.

ಆಗಿದ್ದೇನು ಎಂದು ಅವರು ಆಮೇಲೆ ಹೇಳಿದರು. ಪ್ರತಿ ಡಿಸ್ಕಿಗೂ ಮೊದಲ ಸಲ ಅಣಿಮಾಡುವಾಗ ಕೊಟ್ಟ ಉದ್ದದ ನಂಬರು ಒಳಗೆ ಬರೆದಿರುತ್ತದೆ. ಯಜಮಾನ ಏಳುವಾಗ ತನ್ನ ಮನೆ ಎಲ್ಲಿದೆ ಎಂದು ಹುಡುಕುವುದು ಆ ನಂಬರಿನಿಂದ. ಇಡೀ ಡಿಸ್ಕನ್ನು ಅಚ್ಚೊತ್ತಿದರೆ ನಂಬರೂ ಅಚ್ಚಾಗುತ್ತದೆ. ಡಬ್ಬಿಯ ಬಾಗಿಲು ತೆರೆದದ್ದು ಹೊಸ ಡಿಸ್ಕಿನಿಂದ, ಆಮೇಲೆ ಯಜಮಾನ ನಂಬರು ಹುಡುಕಿಕೊಂಡು ಹೋಗಿ ಹೊಕ್ಕದ್ದು ಹಳೆಯ ಮನೆಗೆ. ಬಾಡಿಗೆಯವರು ಅವನ ಹಿಂದೆ. ಅಚ್ಚೊತ್ತಿದ ಮೇಲೆ ಹೊಸದರ ನಂಬರು ಬದಲಿಸಬೇಕಿತ್ತು, ಇಲ್ಲವೇ ಅವತ್ತೇ ಹಳೆಯದನ್ನು ಎಳೆದು ಎಬ್ಬಿಸಿ ನೋಡಬೇಕಿತ್ತು. ಎರಡೂ ಆಗಲಿಲ್ಲ.

ನನ್ನ ಕಟ್ಟಳೆ ಸರಿಯೇ ಇತ್ತು. ಒಂದೇ ಹೆಸರಿನ ಎರಡು ಟ್ಯೂಬು ಇದ್ದವು. ಯಾವುದರಲ್ಲಿ ರಕ್ತ ಇದೆ ಎಂದು ನೋಡದೆ ಒಂದನ್ನು ಬಿಸಾಡಿದೆ, ಅಷ್ಟೆ.

ಆಘಾತದಲ್ಲಿ ಕುಳಿತರೆ ಆಗುವುದಿಲ್ಲ ಎಂದು ಲೆಕ್ಕ ಹಾಕಿದೆವು. ರಕ್ತ ಎಣಿಸುವ ಮೆಷಿನಿಗೆ, ಸಕ್ಕರೆ ನೋಡುವ ಮೆಷಿನಿಗೆ ಅವುಗಳದ್ದೇ ನೆನಪು ಇರುತ್ತದೆ. ಅವನ್ನು ಹೊಸ ಡಿಸ್ಕಿಗೆ ಮತ್ತೆ ಸುರಿಯಬಹುದು. ಗಾಜಿನ ಮೇಲೆ ಹಚ್ಚಿದ ಸ್ಲೈಡುಗಳು ಪೆಟ್ಟಿಗೆಯಲ್ಲಿವೆ, ಡಾಕ್ಟರು ಮತ್ತೆ ನೋಡುತ್ತಾರೆ. ಕಲ್ಚರಿಗೆ ಮೆಷಿನಿಲ್ಲ. ಬಾಯಮ್ಮನ ಕಣ್ಣು ಮತ್ತು ಒಂದು ಸ್ಕೇಲು. ಪ್ಲೇಟಿನಲ್ಲಿ ಕ್ರಿಮಿ ಸವರಿ, ಮೇಲೆ ಮದ್ದು ಹಚ್ಚಿದ ಸಣ್ಣ ಸಣ್ಣ ಕಾಗದದ ಬಿಲ್ಲೆ ಇಡುತ್ತಾರೆ. ಮರುದಿನ ನೋಡಿದರೆ, ಕ್ರಿಮಿಯನ್ನು ಕೊಲ್ಲುವ ಮದ್ದಿನ ಸುತ್ತ ಖಾಲಿ ಜಾಗ ಉಳಿದಿರುತ್ತದೆ. ನಾವು ಅದಕ್ಕೆ ಬಳೆ ಎನ್ನುತ್ತೇವೆ. ಬಳೆ ಅಳೆದು ನೇರ ಕಂಪ್ಯೂಟರಿಗೆ ಬರೆಯುವುದು, ಕಾಗದದಲ್ಲಿ ಬರೆಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅವತ್ತಿನ ಪ್ಲೇಟುಗಳೆಲ್ಲ ನನ್ನ ಕಟ್ಟಳೆಯಂತೆ ಮಧ್ಯಾಹ್ನದ ಒಳಗೆ ಬೆಂದಾಗಿತ್ತು. ಸೈನು ಹಾಕುವ ಡಾಕ್ಟರು ಬರುವುದು ಊಟದ ನಂತರ, ಅವರು ನೋಡದೆ ಯಾವ ರಿಪೋರ್ಟೂ ಹೊರಗೆ ಹೋಗುವುದಿಲ್ಲ. ಹಾಗಾಗಿ ಅವತ್ತು ಓದಿದ್ದು ಯಾವುದೂ ಯಾರಿಗೂ ತಲುಪಿರಲಿಲ್ಲ.

ಉಳಿದವರು ಎರಡು ದಿನ ಕಾಯಬಹುದಾದವರು. ಬಾಣಂತಿ ಕಾಯುವ ಹಾಗಿರಲಿಲ್ಲ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹೆತ್ತವಳು, ವಾಮಂಜೂರಿನ ಕಡೆಯ ಹುಡುಗಿ, ಮೊದಲ ಹೆರಿಗೆ. ರಕ್ತಕ್ಕೆ ವಿಷವೇರಿ ಚಳಿಜ್ವರ. ಯಾವ ಮದ್ದು ಎಂದು ನಮ್ಮ ರಿಪೋರ್ಟಿಗೆ ಅಲ್ಲಿನ ಡಾಕ್ಟರಮ್ಮ ಕಾಯುತ್ತಿದ್ದರು.

"ನನಗೆ ನೆನಪುಂಟು," ಎಂದರು ಬಾಯಮ್ಮ. "ಈಗ ಅವಳಿಗೆ ಹಾಕ್ತಾ ಇರುವ ಮದ್ದಿಗೆ ಬಳೆಯೇ ಇಲ್ಲಮ್ಮ. ಬಿಲ್ಲೆಯ ಬುಡದವರೆಗೂ ಕ್ರಿಮಿ ಬೆಳೆದಿತ್ತು. ಫೋನ್ ಕೊಡಿ, ನಾನು ಹೇಳ್ತೇನೆ."

"ಬೆಳಿಗ್ಗೆ ಎಷ್ಟು ಪ್ಲೇಟ್ ನೋಡಿದ್ರಿ?"

"ಐದು."

"ಅದರಲ್ಲಿ ಆ ನರ್ಸಿಂಗ್ ಹೋಮಿನದ್ದು?"

ಬಾಯಮ್ಮ ಸ್ವಲ್ಪ ತಡೆದರು. "ಎರಡು. ಇನ್ನೊಬ್ಬರದ್ದು ಮೂತ್ರ."

"ಬಳೆ ಇಲ್ಲದ್ದು ಇವಳದ್ದಾ, ಆ ಇನ್ನೊಬ್ಬರದ್ದಾ?"

"ಇವಳದ್ದು. ನಾನು ಎಷ್ಟು ವರ್ಷದಿಂದ ನೋಡ್ತಾ ಇದ್ದೇನೆ ಅಮ್ಮ? ನಿಮಗೆ ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲೆ ಉಂಟು. ನೆನಪಿನ ಮೇಲೆ ಇಲ್ಲ. ಸರಿ ನಡೀತಿರುವ ಮದ್ದನ್ನು ನಿಲ್ಲಿಸಿ, ಅದು ಇನ್ನೊಬ್ಬರ ಪ್ಲೇಟಾಗಿದ್ರೆ? ಆ ಹುಡುಗಿ ಸತ್ರೆ ನೆನಪಿಗೆ ಸೈನು ಹಾಕುವವರು ಯಾರು?"

ಸೈನಿನ ಡಾಕ್ಟರಿಗೂ ಫೋನು ಮಾಡಿ ಕೇಳಿದೆ. ಬರೆದದ್ದಿಲ್ಲದೆ ನಾನೂ ಹೇಳಲಾರೆ ಎಂದರು.

ಅವಳ ರಕ್ತದ ಬಾಟಲಿ ಕ್ರಿಮಿ ಬೆಳೆಸುವ ಬಿಸಿ ಪೆಟ್ಟಿಗೆಯಲ್ಲಿ ಇನ್ನೂ ಇತ್ತು. ಅದರಲ್ಲಿ ಕ್ರಿಮಿ ಬದುಕಿದೆ. ಅದರಿಂದಲೇ ಮತ್ತೆ ಪ್ಲೇಟು ಹಾಕಿದರೆ ಮರುದಿನ ಬೆಳಿಗ್ಗೆ ಬಳೆ ಬರುತ್ತದೆ. ಒಂದು ದಿನ ತಡ. ನಾನು ನಿಶ್ಚಯ ಮಾಡಿದೆ. ಡಾಕ್ಟರಮ್ಮನಿಗೆ ನಾನೇ ಫೋನು ಮಾಡಿದೆ, ಸುತ್ತಿ ಬಳಸಿ ಹೇಳಲಿಲ್ಲ.

"ರಿಪೋರ್ಟ್ ಕಳೆದು ಹೋಯಿತು ಡಾಕ್ಟರಮ್ಮ. ನಮ್ಮ ಕೈಯಿಂದಲೇ ಹೋದದ್ದು. ಮತ್ತೆ ಹಾಕ್ತೇವೆ, ನಾಳೆ ಬೆಳಿಗ್ಗೆ ಕೊಡ್ತೇವೆ."

"ನಾಳೆಯಾ? ಇಲ್ಲಿ ಅವಳ ಬಿಪಿ ಇಳೀತಾ ಉಂಟು! ಬೇರೆ ಮದ್ದು ಹಾಕುದಾದ್ರೆ ಕಿಡ್ನಿಗೆ ಪೆಟ್ಟು, ಕೈಯಲ್ಲಿ ಎಂತದೂ ಇಲ್ಲದೆ ಹೇಗೆ ಹಾಕ್ಲಿ? ಓದಿದವರಿಗೆ ಸ್ವಲ್ಪವಾದ್ರೂ ನೆನಪು ಉಂಟಾ ಕೇಳಿ."

ಬಾಯಮ್ಮ ನನ್ನ ಎದುರಿಗೇ ನಿಂತಿದ್ದರು. ಫೋನಿನ ಮಾತು ಅವರಿಗೂ ಕೇಳುತ್ತಿತ್ತು.

"ನೆನಪನ್ನು ನಾವು ಕೊಡುದಿಲ್ಲ," ಎಂದೆ.

ಆ ಕಡೆಯಿಂದ ಫೋನು ಇಟ್ಟ ಶಬ್ದ.

"ನಾನು ನಡ್ಕೊಂಡೇ ಹೋಗಿ ಹೇಳಿ ಬರ್ತೇನೆ," ಎಂದರು ಬಾಯಮ್ಮ.

"ಹೋಗಿ. ಲ್ಯಾಬಿನ ಕೋಟು ಬಿಚ್ಚಿಟ್ಟು ಹೋಗಿ."

ಅವರ ಕೈ ಕೋಟಿನ ಗುಂಡಿಗೆ ಹೋಯಿತು. ಒಂದು ಗುಂಡಿ ಬಿಚ್ಚಿದರು. ಬಿಸಿ ಪೆಟ್ಟಿಗೆಯ ಕಡೆ ನೋಡಿದರು. ಅವರು ಹೋದರೆ ಆ ಬಾಟಲಿಯಿಂದ ಪ್ಲೇಟು ಹಾಕುವವರು ಯಾರೂ ಇಲ್ಲ, ಅದು ನನಗೂ ಗೊತ್ತು ಅವರಿಗೂ ಗೊತ್ತು. ಗುಂಡಿಯನ್ನು ಮತ್ತೆ ಹಾಕಿಕೊಂಡು ಕೈಗೆ ಗ್ಲೌಸು ಎಳೆದರು. ಆಮೇಲೆ ಅವತ್ತು ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಸಂಜೆ ಮನೆಗೆ ಹೋಗುವಾಗ ಹೇಳಿಯೂ ಹೋಗಲಿಲ್ಲ.

ಸರ್ವರಿನವರು ಅಲ್ಲೇ ಕುಳಿತು ಮೆಷಿನ್‌ಗಳ ನೆನಪನ್ನು ಒಂದೊಂದಾಗಿ ಎಳೆದು ಸುರಿಯುತ್ತಿದ್ದರು. ಹೊಸ ಡಿಸ್ಕಿಗೆ ಬೇರೆ ನಂಬರು ಕೊಟ್ಟರು, ದಿನದ ನಕಲನ್ನು ಮತ್ತೆ ಶುರು ಮಾಡಿದರು. ಹೊರಡುವ ಮೊದಲು ನನ್ನನ್ನು ಕರೆದು, ಯಾವ ಡಿಸ್ಕಿನ ಮೇಲೆ ನಿಂತಿದ್ದೇವೆ ಎಂದು ನೋಡುವುದು ಹೇಗೆ ಎಂದು ತೋರಿಸಿದರು. ಎರಡು ಪದ ಒತ್ತಿದರೆ ಒಂದು ಸಾಲು ಬರುತ್ತದೆ. ಅಷ್ಟೇ. ಅಷ್ಟನ್ನು ಭಾನುವಾರ ಯಾರೂ ಒತ್ತಿರಲಿಲ್ಲ. ನಾನು ಆ ಸಾಲನ್ನು ನೋಡುತ್ತಾ ನಿಂತೆ. ನಗುವುದೋ ಬೈಯುವುದೋ ತಿಳಿಯಲಿಲ್ಲ.

ಸಂಜೆ ಬಾಣಂತಿಯನ್ನು ಐಸಿಯುಗೆ ಹಾಕಿದರು ಎಂದು ಸುದ್ದಿ ಬಂತು.

ಶುಕ್ರವಾರ ಬೆಳಿಗ್ಗೆ ನಾನು ಬಾಗಿಲು ತೆರೆಯುವಾಗ ಬಾಯಮ್ಮ ಮೆಟ್ಟಿಲಲ್ಲಿ ನಿಂತಿದ್ದರು. ಬಿಸಿ ಪೆಟ್ಟಿಗೆಯಿಂದ ಪ್ಲೇಟು ತೆಗೆದರು. ಮುಚ್ಚಳ ತೆಗೆಯಲಿಲ್ಲ. ಕವುಚಿ ಮೇಜಿನ ಮೇಲಿಟ್ಟು ಅಂಗೈಯಿಂದ ಮುಚ್ಚಿ ಹಿಡಿದರು.

"ಮೊದಲು ಹೇಳ್ತೇನೆ, ನೀವು ಕೇಳಿ," ಎಂದು ಒಂದೊಂದೇ ಮದ್ದಿನ ಹೆಸರು ಹೇಳುತ್ತಾ ಹೋದರು. ಇದಕ್ಕೆ ಬಳೆ ಇಲ್ಲ. ಇದಕ್ಕೆ ಇಲ್ಲ. ಇದಕ್ಕೆ ಸಣ್ಣದು, ಪ್ರಯೋಜನ ಇಲ್ಲ. ಇದಕ್ಕೆ ದೊಡ್ಡದು, ಪಕ್ಕದ ಬಿಲ್ಲೆಗೆ ಮುಟ್ಟುವಷ್ಟು. ಮತ್ತೆ ಸ್ಕೇಲನ್ನು ನನ್ನ ಕೈಗೆ ಕೊಟ್ಟರು. "ನೀವೇ ಅಳೆಯಿರಿ."

ಅಳೆದೆ. ಒಂದನೆಯದಕ್ಕೆ ಬಳೆ ಇರಲಿಲ್ಲ. ಎರಡನೆಯದಕ್ಕೆ ಇರಲಿಲ್ಲ. ಮೂರನೆಯದು ಸಣ್ಣದು. ನಾಲ್ಕನೆಯದು ದೊಡ್ಡದು, ಸ್ಕೇಲನ್ನು ಎರಡು ಸಲ ಇಟ್ಟು ನೋಡಿದೆ. ಅವರು ಹೇಳಿದ್ದರಲ್ಲಿ ಒಂದು ಗೆರೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ನಾನು ಆ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದೆ, ಹಿಂದೆ ಮುಂದೆ ತಿರುಗಿಸಿ ಹೆಸರು ನೋಡಿದೆ. ಅವಳ ಹೆಸರೇ.

ಬಾಯಮ್ಮ ಬರೆಯಲು ಕಂಪ್ಯೂಟರಿನ ಎದುರು ಕುಳಿತರು. ಬೈದಿದ್ದರೆ ಒಳ್ಳೆಯದಿತ್ತು.

ಡಾಕ್ಟರಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಮದ್ದಿನ ಹೆಸರನ್ನು ನರ್ಸಿಗೆ ಕೂಗಿ ಹೇಳಿದ್ದು ಕೇಳಿಸಿತು. ಆಮೇಲೆ ಕೇಳಿದರು, "ಇದು ನಿನ್ನೆ ನಿಮ್ಮವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಿಮಗೆ?"

"ನನಗೆ ಹೇಳಿದ್ರು."

"ಬರೆದದ್ದು ಬೇಗ ಕಳಿಸಿ," ಎಂದರು.

ಹುಡುಗಿ ಬದುಕಿದಳು. ಹೊಸ ಮದ್ದಿಗೆ ಜ್ವರ ಇಳಿಯಿತು, ಐಸಿಯುವಿನಿಂದ ಹೊರಗೆ ಬಂದಳು, ಮನೆಗೂ ಹೋದಳು. ಯಾರೂ ನಮ್ಮ ಮೇಲೆ ದೂರು ಕೊಡಲಿಲ್ಲ. ಮತ್ತೊಮ್ಮೆ ಹಾಗೇ ಆದರೆ ನೆನಪನ್ನು ಕೊಡುತ್ತೀಯಾ ಎಂದು ಕೇಳಿದರೆ, ಇದು ನೆನಪು, ಬರೆದದ್ದಲ್ಲ ಎಂದು ಹೇಳಿ ಡಾಕ್ಟರ ಕೈಗೆ ಬಿಡುತ್ತೇನೆ ಎನ್ನುತ್ತೇನೆ. ಅವತ್ತು ಹಾಗೊಂದು ದಾರಿ ಇದೆ ಎಂದು ನನ್ನ ತಲೆಗೆ ಬರಲಿಲ್ಲ. ಕೊಡುವುದು, ಕೊಡದಿರುವುದು, ಎರಡೇ ಎಂದು ತಿಳಿದಿದ್ದೆ. ಬಾಯಮ್ಮ ಈಗಲೂ ನಮ್ಮಲ್ಲೇ ಇದ್ದಾರೆ. ಬಳೆ ಅಳೆದು ಮೊದಲು ಜೋರಾಗಿ ಹೇಳುತ್ತಾರೆ, ಆಮೇಲೆ ಬರೆಯುತ್ತಾರೆ. ನನಗೆ ಕೇಳಲೆಂದೇ.

ಕೆಲವು ವಾರ ಕಳೆದು ಒಬ್ಬ ಯುವಕ ಕೂಸನ್ನು ಎತ್ತಿಕೊಂಡು ಬಂದ. ಕೂಸಿನ ಕಣ್ಣು ಹಳದಿ, ರಕ್ತ ನೋಡಬೇಕು ಎಂದು ಚೀಟಿ. ಊರು ವಾಮಂಜೂರು, ತಾಯಿಯ ಹೆಸರು ನೋಡಿ ಗುರುತಾಯಿತು.

"ನಿಮ್ಮ ರಿಪೋರ್ಟಿನಿಂದಲೇ ಅಂತೆ ಅಮ್ಮ ಇವನ ತಾಯಿ ಉಳಿದದ್ದು. ಅದಕ್ಕೇ ಇಲ್ಲಿಗೇ ಬಂದದ್ದು," ಎಂದ.

"ಆ ರಿಪೋರ್ಟು ಒಂದು ದಿನ ಮೊದಲೇ ಬರ್ಬೇಕಿತ್ತು," ಎಂದೆ. "ತಡ ಆದದ್ದು ನಮ್ಮಿಂದ. ನನ್ನಿಂದ. ನಿಮಗೆ ಯಾರಾದ್ರೂ ಹೇಳಿದ್ದಾರಾ ಇಲ್ವಾ ಗೊತ್ತಿಲ್ಲ."

ಅವನು ನನ್ನನ್ನೇ ನೋಡಿದ. ಬೈಯುತ್ತಾನೆ ಎಂದು ಕಾದೆ. ಬೈದರೆ ಕೇಳಿಸಿಕೊಳ್ಳುವವಳು ನಾನು.

"ಆ ದಿನ ಸಂಜೆ ಅವಳಿಗೆ ನನ್ನ ಗುರುತೇ ಸಿಗ್ಲಿಲ್ಲ," ಎಂದ. "ನೀವು ಯಾರು, ಹೊರಗೆ ನಿಲ್ಲಿ ಅಂದ್ಳು. ಹೊರಗೆ ನಿಂತೆ."

ಅವನು ಕೂಸಿನ ಟೊಪ್ಪಿಯನ್ನು ಸರಿ ಮಾಡಿದ. ಕೊಡಬೇಕೋ ಬೇಡವೋ ಎಂದು ಎದೆಗೊತ್ತಿ ಹಿಡಿದುಕೊಂಡೇ ಇದ್ದ. ಸಾಲಿನಲ್ಲಿ ಹಿಂದೆ ಜನ ಇದ್ದರು, ಯಾರೂ ಅವಸರ ಮಾಡಲಿಲ್ಲ.

"ರಕ್ತ ಎಲ್ಲಿಂದ ತೆಗೆಯುದು?" ಎಂದು ಕೊನೆಗೆ ಕೇಳಿದ.

"ಹಿಮ್ಮಡಿಯಿಂದ."

ಕೂಸನ್ನು ನನ್ನ ಕೈಗೆ ಕೊಟ್ಟ.